ಬೂದು ಬಣ್ಣದ ಡಬ್ಬಿ

ಇಷ್ಟು ವರ್ಷ ಎರಡೇ ಡಬ್ಬಿ: ಒಂದು ಬಿಳಿ, ಒಂದು ಕೆಂಪು.
ಇವತ್ತು ಝೆಲ್ಮೀರಾ ನನ್ನ ಕೈಗಿಟ್ಟದ್ದು ಮೂರನೆಯದು.
ಬೀಚ್ ಮರದ ತೊಗಟೆಗೆ ಹೊಂದಬೇಕೆಂದು
ಅಂಗಡಿಯಲ್ಲಿ ತೊಗಟೆಯ ಚೂರು ಹಿಡಿದೇ ನಿಂತು
ಬೆರೆಸಿಸಿಕೊಂಡು ತಂದ ಬೂದು.

ಫಾತ್ರಾ ಬೆಟ್ಟದ ಬೆನ್ನೇರುವ ಈ ಕಾಲುದಾರಿಗೆ
ಮೂವತ್ತೊಂದು ವರ್ಷ ಗುರುತು ಬರೆದವಳು ಅವಳು.
ಅಂಗೈಯಗಲ ಚೌಕ. ಬಿಳಿ, ನಡುವೆ ಕೆಂಪು, ಮತ್ತೆ ಬಿಳಿ.
ಒಂದರ ಬಳಿ ನಿಂತರೆ ಇನ್ನೊಂದು ಕಣ್ಣಿಗೆ ಬೀಳಬೇಕು,
ಮಂಜು ಕವಿದರೂ, ಕುಡಿದು ಬಂದರೂ.
ಅಷ್ಟೇ ಅವಳ ಶಾಸ್ತ್ರ.
ಪಾಚಿ ಕೆರೆಯಲು ತಂತಿಬ್ರಷ್ಷು, ಕೊಂಬೆ ಸವರಲು ಕತ್ತರಿ,
ಬುತ್ತಿಗೆ ಬ್ರೆಡ್ಡು, ಕುರಿಹಾಲಿನ ಗಿಣ್ಣು, ಹಸಿ ಈರುಳ್ಳಿ.
ಸಹಾಯಕ್ಕೆ ಬಂದ ಗಂಡನ ಕೋಟಿಗೆ ಹತ್ತಿದ ಕೆಂಪು ಹೋಗಲೇ ಇಲ್ಲವಂತೆ;
ಅದೇ ಕೋಟಿನಲ್ಲಿ ಮಗಳ ಮದುವೆಗೆ ನಿಂತನಂತೆ.

ಈಗ ಅಭಯಾರಣ್ಯದ ಕಚೇರಿಯಿಂದ ಕಾಗದ:
ಈ ದಾರಿ ಮುಚ್ಚಬೇಕು. ಕಾರಣ, ಒಂದು ಹಕ್ಕಿ.

ನಮ್ಮ ಕಡೆ ಅದರ ಹೆಸರೇ ಕಿವುಡ.
ಟರ್ಕಿಕೋಳಿಯಷ್ಟು ದೊಡ್ಡದು, ಕಪ್ಪು, ಹುಬ್ಬು ಮಾತ್ರ ಕೆಂಪು.
ಏಪ್ರಿಲ್ಲಿನ ನಸುಕಿನಲ್ಲಿ, ಹಿಮ ಪೂರ್ತಿ ಕರಗುವ ಮುನ್ನ,
ಹೆಣ್ಣನ್ನು ಕರೆಯುತ್ತದೆ: ಮೊದಲು ಟಕ್ ಟಕ್,
ಆಮೇಲೆ ಬಾಟಲಿಯ ಬಿರಡೆ ಕಿತ್ತ ಸದ್ದು,
ಕೊನೆಗೆ ಕುಡುಗೋಲು ಮಸೆದ ಹಾಗೆ.
ಮಸೆಯುವ ಆ ಮೂರು ನಾಲ್ಕು ಕ್ಷಣ
ಅದಕ್ಕೆ ಏನೂ ಕೇಳಿಸದು.

ಝೆಲ್ಮೀರಾಳ ಅಜ್ಜ ಬೇಟೆಯಾಡಿದ್ದು ಹಾಗೆಯೇ:
ಅದು ಕಿವುಡಾದಾಗ ಎರಡು ಹೆಜ್ಜೆ,
ಅದಕ್ಕೆ ಕೇಳಿಸುವಾಗ, ಒಂಟಿಕಾಲಲ್ಲಾದರೂ ಸರಿ, ಮರ.
ಬೆಳಕು ಹರಿಯುವುದರೊಳಗೆ ಗುಂಡಿನಳತೆಗೆ ತಲುಪುತ್ತಿದ್ದನಂತೆ.
"ನಾವು ಬಂದೂಕಿಲ್ಲದೆ ತಲುಪಿದೆವು," ಅಂದಳು,
"ಊರಿಗೆಲ್ಲ ದಾರಿ ತೋರಿಸಿ."

ಎಲ್ಲಿಂದ ಅಳಿಸುವುದು? ಬುಡದಿಂದ, ಎಂದೆ.
"ಮೇಲಿದ್ದವರ ಗತಿ?" ನಕ್ಕಳು.
ಬರೆಯುವುದು ಕೆಳಗಿನಿಂದ. ಅಳಿಸುವುದು ಮೇಲಿನಿಂದ,
ಕೊನೆಯವನ ಬೆನ್ನ ಹಿಂದೆ.

ಹಾಗಾಗಿ ನೆತ್ತಿಯ ಬ್ಲೂಬೆರಿ ಪೊದೆಗಳ ನಡುವೆ
ನಾಲಗೆ ನೀಲಿಯಾಗುವಷ್ಟು ತಿನ್ನುತ್ತಾ ಮೂರು ಗಂಟೆಯವರೆಗೆ ಕಾದೆವು.
ಕೊನೆಗೆ ಬಂದವರು ಪೋಲೆಂಡಿನ ಇಬ್ಬರು ಮೇಷ್ಟ್ರು.
ಒಬ್ಬರ ಮೊಣಕಾಲಿಗೆ ಪಟ್ಟಿ, ಇನ್ನೊಬ್ಬರ ಕೈಯಲ್ಲಿ ನಕ್ಷೆ.
ನಕ್ಷೆಯಲ್ಲಿ ಈ ದಾರಿ ಇನ್ನೂ ಕೆಂಪು ಗೆರೆ.
"ಮುಂದೆ ನಡೆಯಿರಿ, ನಿಧಾನ. ತಿರುಗಿ ನೋಡಬೇಡಿ,
ನೋಡಿದರೆ ದಾರಿ ಇರುವುದಿಲ್ಲ."
ತಮಾಷೆಯೆಂದುಕೊಂಡರು.

ಮೊದಲ ಮರ.
ಬ್ರಷ್ಷು ಅದ್ದಿದಳು. ಅದ್ದಿದವಳು ಹಾಗೇ ನಿಂತಳು.
ಕೆರೆದಲ್ಲಿ ಕೆಂಪಿನಡಿ ಹಳೆಯ ಕೆಂಪು, ಅದರಡಿ ಇನ್ನೂ ಹಳೆಯದು,
ಮರ ದಪ್ಪವಾದಂತೆಲ್ಲ ಹಿಗ್ಗಿ ಬಿರಿದದ್ದು.
ತನ್ನ ಮೊದಲ ವರ್ಷದ ಸೊಟ್ಟ ಅಂಚನ್ನು ಉಗುರಲ್ಲಿ ಮುಟ್ಟಿ
"ಅವತ್ತು ಅಚ್ಚಿನ ತಗಡು ಜಾರಿತ್ತು," ಅಂದಳು.
ಆಮೇಲೆ ಬಳಿದಳು.
ಆಮೇಲೆ ಮಾತಿಲ್ಲ.
ಇನ್ನೂರ ಹದಿನಾಲ್ಕು ಮರ, ಒಂಬತ್ತು ಬಂಡೆ,
ತೊರೆಯಾಚೆ ಒಂದು ಕಂಬ.

ನಾನು ಮಾತ್ರ ಒಮ್ಮೆ ತಿರುಗಿ ನೋಡಿದೆ.
ಯಾವುದರ ಪಕ್ಕ ಹಾದು ಬಂದೆವೋ
ಮರಗಳು ಬಾಯಿಬಿಡಲಿಲ್ಲ.

ಬುಡದಲ್ಲಿ ಮೇಷ್ಟ್ರುಗಳಿಗೆ ಬಸ್ಸು ಸಿಕ್ಕಿತು.
ನಮಗೆ ಉಳಿದದ್ದು ಹಲಗೆ:
'ನೆತ್ತಿಗೆ ಎರಡು ಗಂಟೆ ನಲವತ್ತು ನಿಮಿಷ.'
ಆ ಲೆಕ್ಕ ಅವಳ ಕಾಲಿನದು, ಮೂವತ್ತನೇ ವಯಸ್ಸಿನದು;
ಇವತ್ತು ನಾಲ್ಕು ಗಂಟೆ ಹಿಡಿಯಿತು.
ಮೂರು ಸ್ಕ್ರೂ ಬಿಚ್ಚಿಕೊಂಡವು, ನಾಲ್ಕನೆಯದಕ್ಕೆ ತುಕ್ಕು.
ಒಂದೇ ಮೊಳೆಗೆ ಜೋತು ಹಲಗೆ ನೆಲ ತೋರಿಸುತ್ತಿತ್ತು.
ಕಿತ್ತೇ ತೆಗೆದಳು.

"ಮುಗಿಯಿತಲ್ಲ," ಎಂದೆ.
"ಎಲ್ಲಿ? ಬೂದೂ ಮೂರು ವರ್ಷಕ್ಕೆ ಸಿಪ್ಪೆಯೇಳುತ್ತದೆ,
ಒಳಗಿನ ಕೆಂಪು ಇಣುಕುತ್ತದೆ.
ಯಾರಾದರೂ ಬರಬೇಕು. ಮರಿಗಳು ಹಾರಿದ ಮೇಲೆ. ಮೆಲ್ಲಗೆ."
ಕಲ್ಲಿನಿಂದ ಮುಚ್ಚಳ ಬಡಿದು
ಡಬ್ಬಿಯನ್ನು ನನ್ನ ಚೀಲಕ್ಕೆ ಹಾಕಿದಳು.
ಅರ್ಧ ಉಳಿದಿತ್ತು.